ಉದ್ರಿ ಪುಸ್ತಕದಿಂದ ಕ್ರೆಡಿಟ್ ಕಾರ್ಡಿಗೆ

ತಿಂಗಳ ಸಾಮಾನನ್ನು ಉದ್ರಿಯಾಗಿ ತಂದು, ಸಂಬಳ ಬಂದೊಡನೆ ಹಣ ಸಲ್ಲಿಸುವ ವಾಡಿಕೆ ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಂಗಡಿಯವನ ಪುಸ್ತಕದಲ್ಲಿ ಪ್ರತಿಯೊಂದು ಮನೆಗೂ ಒಂದು ಪುಟ. ಅಕ್ಕಿ ಇಷ್ಟು, ಬೆಲ್ಲ ಇಷ್ಟು ಎಂದು ಅಲ್ಲಿ ಬರೆದುದನ್ನು ಮನೆಯವರೂ ಓದಿ ತಿಳಿಯಬಲ್ಲರು. ಬಾಕಿ ಬೆಳೆದರೆ ಅಂಗಡಿಯವನ ಮುಖ ಗಂಟಿಕ್ಕುತ್ತದೆ. ಮುಂದಿನ ಸಾಮಾನು ಕೊಡಲು ಅವನು ಹಿಂಜರಿಯುತ್ತಾನೆ. ಅವನ ಆ ಸಿಡುಕೇ ಸಾಲಗಾರನಿಗೆ ಒಂದು ಕಡಿವಾಣ. ಬ್ಯಾಂಕುಗಳು ನೀಡುವ ಕ್ರೆಡಿಟ್ ಕಾರ್ಡು ಈ ಉದ್ರಿಯ ಹೊಸ ರೂಪವೇ ಆಗಿದೆ. ಆದರೆ ಇಲ್ಲಿ ಬಾಕಿ ಬೆಳೆದಷ್ಟೂ ಸಾಲ ಕೊಟ್ಟವರ ಮುಖ ಅರಳುತ್ತದೆ.

ಈ ವ್ಯವಸ್ಥೆಯ ತವರು ಅಮೆರಿಕ. 1950ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಡೈನರ್ಸ್ ಕ್ಲಬ್ಬಿನ ಕಾರ್ಡುಳ್ಳವರು ಹೋಟೆಲಿನ ಬಿಲ್ಲನ್ನು ಆಮೇಲೆ ಒಟ್ಟಾಗಿ, ಪೂರ್ಣವಾಗಿ ಸಲ್ಲಿಸಬೇಕಾಗಿತ್ತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೋ ಎಂಬ ಊರಿನ ಸುಮಾರು 60,000 ಜನರಿಗೆ, ಅವರು ಕೇಳದೆಯೇ, ಅಂಚೆಯ ಮೂಲಕ ಕಾರ್ಡು ಕಳುಹಿಸಿತು. ಈ ಕಾರ್ಡಿನಲ್ಲಿ ಬಾಕಿಯನ್ನೆಲ್ಲ ತೀರಿಸಬೇಕೆಂಬ ನಿರ್ಬಂಧವಿರಲಿಲ್ಲ. ಸ್ವಲ್ಪ ಕಟ್ಟಿ, ಉಳಿದುದನ್ನು ಬಡ್ಡಿಯೊಡನೆ ಮುಂದೂಡಬಹುದಾಗಿತ್ತು. ಇಂದಿನ ಕಾರ್ಡುದಾರರ ಸಂಕಟಗಳಲ್ಲಿ ಬಹುಪಾಲು ಈ ‘ಸ್ವಲ್ಪ’ದಲ್ಲಿಯೇ ಅಡಗಿವೆ.

ಅದು ಹೇಗೆಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಒಬ್ಬ ಗೃಹಸ್ಥನ ಕಾರ್ಡಿನಲ್ಲಿ 20,000 ರೂಪಾಯಿ ಬಾಕಿ ಇದೆಯೆಂದು ಭಾವಿಸೋಣ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಬ್ಯಾಂಕು ಕಳುಹಿಸುವ ಲೆಕ್ಕಪತ್ರದಲ್ಲಿ ‘ಕನಿಷ್ಠ ಪಾವತಿ 1,000 ರೂಪಾಯಿ’ ಎಂದಿರುತ್ತದೆ. ಸಾವಿರ ಕಟ್ಟಿದ ಗೃಹಸ್ಥನು ಅಷ್ಟರಮಟ್ಟಿಗೆ ಸಾಲ ಇಳಿಯಿತೆಂದು ನೆಮ್ಮದಿಯಿಂದ ಇರುತ್ತಾನೆ. ಆದರೆ ಆ ತಿಂಗಳ ಬಡ್ಡಿಯೇ 700 ರೂಪಾಯಿ. ಬಡ್ಡಿಯ ಮೇಲೆ ನೂರಕ್ಕೆ 18ರಂತೆ ತೆರಿಗೆ 126 ರೂಪಾಯಿ. ಅಸಲಿಗೆ ಸಂದಾಯವಾದುದು 174 ರೂಪಾಯಿ ಮಾತ್ರ! ಹೊಸದಾಗಿ ಏನನ್ನೂ ಕೊಳ್ಳದೆ ಹೀಗೆಯೇ ವರ್ಷವಿಡೀ ಕಟ್ಟಿದರೆ, 12,000 ರೂಪಾಯಿ ಕೈಬಿಟ್ಟ ಮೇಲೂ ಸಾಲ ಇಳಿಯುವುದು ಸುಮಾರು 2,600 ರೂಪಾಯಿಗಳಷ್ಟೆ. ತಿಂಗಳಿಗೆ ಮೂರೂವರೆ ಎಂದಾಗ ಅಲ್ಪವೆನಿಸುವ ದರ, ವರ್ಷಕ್ಕೆ ನಲವತ್ತೆರಡು ಎಂದಾಗ ಎದೆ ನಡುಗಿಸುತ್ತದೆ.

ಬಾಕಿಯನ್ನು ಗಡುವಿನೊಳಗೆ ಪೂರ್ಣವಾಗಿ ತೀರಿಸುವವರಿಗೆ ಕೊಂಡ ವಸ್ತುಗಳ ಮೇಲೆ ಬಡ್ಡಿಯೇ ಇಲ್ಲ. ಉಳಿಸಿಕೊಂಡವರಿಗಾದರೋ, ಹಳೆಯ ಬಾಕಿಗೆ ಮಾತ್ರವಲ್ಲ, ಹೊಸದಾಗಿ ಕೊಂಡುದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಹೀಗೆ ಕೈಯಲ್ಲಿ ಹಣವುಳ್ಳವನಿಗೆ ಸಾಲ ಪುಕ್ಕಟೆ, ಇಲ್ಲದವನಿಗೆ ದುಬಾರಿ. ಕಾರ್ಡನ್ನು ಯಂತ್ರಕ್ಕೆ ತೋರಿಸಿ ನಗದು ಪಡೆದರಂತೂ ಇಬ್ಬರಿಗೂ ಅಂದಿನಿಂದಲೇ ಬಡ್ಡಿ.

ಬಡ್ಡಿಗೆ ಮಿತಿ ಬೇಡವೆ ಎಂಬ ಪ್ರಶ್ನೆ ಬಹು ಹಳೆಯದು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ ನಿಯಮ ಮನುಸ್ಮೃತಿಯಲ್ಲಿಯೇ ಇದೆ. ಇದಕ್ಕೆ ‘ದಾಮ್‌ದುಪಟ್’ ಎಂದು ಹೆಸರು. ಕಾರ್ಡಿನ ಬಾಕಿಗೆ ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವುದು ಅನ್ಯಾಯದ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತು. ಬ್ಯಾಂಕುಗಳು ಮೇಲ್ಮನವಿ ಸಲ್ಲಿಸಿದವು. ಹದಿನಾರು ವರ್ಷಗಳ ಅನಂತರ, 2024ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಗ್ರಾಹಕನು ಒಪ್ಪಿ ಸಹಿ ಹಾಕಿದ ಕರಾರಿನ ಷರತ್ತುಗಳನ್ನು ತಿದ್ದಿ ಬರೆಯುವ ಅಧಿಕಾರ ಆಯೋಗಕ್ಕಿಲ್ಲವೆಂಬುದು ಅದರ ಅಭಿಪ್ರಾಯ. ಆ ಕರಾರನ್ನು ಸಹಿಗೆ ಮುನ್ನ ಓದುವವರೆಷ್ಟು ಮಂದಿ ಎಂಬುದು ಬೇರೆಯ ಮಾತು.

ಬಡ್ಡಿಯಲ್ಲದೆ ಸಣ್ಣಪುಟ್ಟ ಶುಲ್ಕಗಳೂ ಇವೆ. ಗಡುವು ಮೀರಿದರೆ ಶುಲ್ಕ. ಕೆಲವು ಬ್ಯಾಂಕುಗಳಲ್ಲಿ ಉಳಿತಾಯ ಖಾತೆಯ ಶಿಲ್ಕು ನಿಗದಿಗಿಂತ ಇಳಿದರೂ ಶುಲ್ಕ. ಹಣವಿಲ್ಲವೆಂಬ ಕಾರಣಕ್ಕೇ ಹಣ ಕಳೆದುಕೊಳ್ಳಬೇಕಾದ ಈ ವಿಚಿತ್ರವು ಬಡವರನ್ನು ಹೆಚ್ಚು ಕೆರಳಿಸುತ್ತದೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಪಿಗ್ಮಿ ಯೋಜನೆಯನ್ನಾರಂಭಿಸಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂಥ ಕಿರುಮೊತ್ತವನ್ನೂ ಠೇವಣಿಯಾಗಿ ಸ್ವೀಕರಿಸುತ್ತಿದ್ದುದನ್ನು ನೆನೆದರೆ ಈ ವಿಚಿತ್ರ ಇನ್ನಷ್ಟು ಎದ್ದು ಕಾಣುತ್ತದೆ.

ಗ್ರಾಹಕನು ನಿರುಪಾಯನೇನೂ ಅಲ್ಲ. ಕನಿಷ್ಠ ಶಿಲ್ಕಿನ ನಿರ್ಬಂಧವಿಲ್ಲದ ಮೂಲ ಉಳಿತಾಯ ಖಾತೆಯನ್ನು ಅವನು ಕೇಳಿ ಪಡೆಯಬಹುದು. ಕೇಳದವರಿಗೆ ಕಾರ್ಡು ಕಳುಹಿಸುವುದನ್ನು ರಿಸರ್ವ್ ಬ್ಯಾಂಕು ನಿಷೇಧಿಸಿದೆ. ಬಾಕಿಯಿಲ್ಲದ ಕಾರ್ಡನ್ನು ರದ್ದುಪಡಿಸಲು ಗ್ರಾಹಕನು ಕೋರಿದರೆ ಏಳು ಕೆಲಸದ ದಿನಗಳೊಳಗೆ ಅದು ಆಗಬೇಕು; ತಡವಾದರೆ ದಿನಕ್ಕೆ 500 ರೂಪಾಯಿಯಂತೆ ದಂಡ ತೆರುವ ಸರದಿ ಬ್ಯಾಂಕಿನದು. ತಪ್ಪಾಗಿ ಶುಲ್ಕ ಕಡಿದರೆ ಮೊದಲು ಬ್ಯಾಂಕಿಗೇ ಬರೆದು ದೂರಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಸಲ್ಲಿಸಬಹುದು. ಆ ದೂರಿಗೆ ಯಾವ ಶುಲ್ಕವೂ ಇಲ್ಲ.