ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಪರೀಕ್ಷಿಸುವ ಕ್ರಮ



ನಿಮ್ಮ ಊರಿನ ವಾಚನಾಲಯದಲ್ಲಿಯೋ, ಯುವಕ ಸಂಘದಲ್ಲಿಯೋ, ಇಲ್ಲವೆ ಮನೆಯಲ್ಲಿಯೋ ಹತ್ತು ವರ್ಷ ದುಡಿದ ಕಂಪ್ಯೂಟರ್ ಒಂದು ಇರಬಹುದು. ಅದರಲ್ಲಿರುವುದು ವಿಂಡೋಸ್ 10 ಆಗಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್ ಕಂಪೆನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವನ್ನೂ ಹೊಸ ಮಾದರಿಯ ಪ್ರೊಸೆಸರನ್ನೂ ಕೇಳುತ್ತದೆ. ರಕ್ಷಣೆಯ ದುರಸ್ತಿ ಸಿಗದ ಯಂತ್ರವನ್ನು ಇಂಟರ್‌ನೆಟ್ಟಿಗೆ ಕಟ್ಟುವುದು ಬೇಲಿಯಿಲ್ಲದ ಹೊಲದಲ್ಲಿ ಬಿತ್ತಿದಂತೆಯೇ ಸರಿ. ಹಾಗೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಬೇಕೆ? ಅದಕ್ಕೆ ಮುಂಚೆ ಲಿನಕ್ಸನ್ನು ಪರೀಕ್ಷಿಸಿ ನೋಡಿರಿ. ಖರ್ಚು ಒಂದು 8 ಜಿ.ಬಿ. ಪೆನ್ ಡ್ರೈವಿನದು ಮಾತ್ರ.

ಲಿನಕ್ಸಿನ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಎಂಬುವರು ಬರೆದರು. ತಿರುಳೊಂದರಿಂದಲೇ ಕೆಲಸವಾಗದು. ಬೇಕಾದ ಇತರ ಉಪಕರಣಗಳನ್ನೆಲ್ಲ ಕೂಡಿಸಿ ಹಲವು ತಂಡಗಳು ಬೇರೆ ಬೇರೆ ಕಟ್ಟುಗಳನ್ನಾಗಿ ಹಂಚುತ್ತವೆ. ಅಂಥದೊಂದು ಕಟ್ಟು 2006ರಲ್ಲಿ ಹುಟ್ಟಿದ ಲಿನಕ್ಸ್ ಮಿಂಟ್. ಇದಕ್ಕೆ ಹಣ ಕೊಡಬೇಕಾಗಿಲ್ಲ. ಪ್ರತಿ ಮಾಡಿ ನೆರೆಯವರಿಗೆ ಕೊಡುವುದಕ್ಕೂ ಅಡ್ಡಿಯಿಲ್ಲ.

ಮಿಂಟ್ ಮೂರು ಬಗೆಯ ತೆರೆಗಳೊಡನೆ ಬರುತ್ತದೆ: ಸಿನಮನ್, ಮಾಟೆ ಮತ್ತು ಎಕ್ಸ್‌ಎಫ್‌ಸಿಇ. ಇವುಗಳಲ್ಲಿ ಮಾಟೆಯ ಕಥೆ ಕೇಳತಕ್ಕದ್ದು. 2011ರಲ್ಲಿ ಗ್ನೋಮ್ ಎಂಬ ಪ್ರಸಿದ್ಧ ತೆರೆಯನ್ನು ಅದರ ಕರ್ತೃಗಳು ಪೂರ್ತಿ ಬದಲಾಯಿಸಿ ಮೂರನೆಯ ಆವೃತ್ತಿ ತಂದರು. ಕೆಳಗಿನ ಪಟ್ಟಿ ಹೋಯಿತು, ಪರಿಚಿತ ಮೆನು ಹೋಯಿತು. ಬಹು ಮಂದಿಗೆ ಇದು ಹಿಡಿಸಲಿಲ್ಲ. ಅರ್ಜೆಂಟೀನಾ ದೇಶದ ಬಳಕೆದಾರರೊಬ್ಬರು ಹಳೆಯ ಎರಡನೆಯ ಆವೃತ್ತಿಯನ್ನೇ ಎತ್ತಿಕೊಂಡು ಮುಂದುವರಿಸಿದರು. ತಮ್ಮ ನಾಡಿನ ಜನ ಕುಡಿಯುವ ಎಲೆಯ ಕಷಾಯ ‘ಮಾಟೆ’ಯ ಹೆಸರನ್ನೇ ಇಟ್ಟರು. ಅದರಲ್ಲಿ ಕಡತಗಳನ್ನು ತೋರಿಸುವ ಉಪಕರಣದ ಹೆಸರು ‘ಕಾಹ’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪೆಟ್ಟಿಗೆ. ಹೊಸದೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಕೈಗೆ ಪಳಗಿದ ಕುಡುಗೋಲಿನ ಹಿಡಿಯನ್ನು ಕಾರಣವಿಲ್ಲದೆ ಯಾರು ಬದಲಿಸುತ್ತಾರೆ? ಎಡ ಮೂಲೆಯಲ್ಲಿ ಮೆನು, ಕೆಳಗೆ ತೆರೆದಿರುವ ಕೆಲಸಗಳ ಪಟ್ಟಿ, ಬಲ ಮೂಲೆಯಲ್ಲಿ ಗಡಿಯಾರ. ವಿಂಡೋಸ್ ಬಳಸಿದವರು ಅರ್ಧ ಗಂಟೆಯಲ್ಲಿ ಹೊಂದಿಕೊಳ್ಳಬಹುದು.

ಯಂತ್ರಕ್ಕೆ ಕಡಮೆಯೆಂದರೆ 2 ಜಿ.ಬಿ. ರ್‍ಯಾಮ್ ಬೇಕು, 4 ಜಿ.ಬಿ. ಇದ್ದರೆ ಹಿತ. ಡಿಸ್ಕಿನಲ್ಲಿ 20 ಜಿ.ಬಿ. ಸ್ಥಳ ಬೇಕು. 2024ರಲ್ಲಿ ಬಂದ 22ನೆಯ ಮಾಲಿಕೆಗೆ 2029ರವರೆಗೆ ದುರಸ್ತಿಗಳು ದೊರೆಯುತ್ತವೆ.

ಪರೀಕ್ಷಿಸುವ ಕ್ರಮ ಹೀಗೆ. ಮಿಂಟಿನವರ ತಾಣದಿಂದ ಮಾಟೆ ಆವೃತ್ತಿಯ ಕಡತವನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಉಪಕರಣದಿಂದ ಪೆನ್ ಡ್ರೈವಿಗೆ ಬರೆಯಬೇಕು. ಸುಮ್ಮನೆ ನಕಲು ಮಾಡಿದರೆ ನಡೆಯದು. ಬರೆಯುವಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿರಲಿ. ಅದನ್ನು ಚುಚ್ಚಿ ಯಂತ್ರವನ್ನು ಹೊಸದಾಗಿ ಹಚ್ಚಿ, ಪೆನ್ ಡ್ರೈವಿನಿಂದ ಹೊರಡುವಂತೆ ಆಯ್ಕೆ ಮಾಡಿರಿ. ಹಲವು ಯಂತ್ರಗಳಲ್ಲಿ ಇದಕ್ಕೆ ಎಫ್12 ಕೀಲಿ, ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್. ಆಗ ಲಿನಕ್ಸ್ ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ನೀವಾಗಿ ಕೈಹಾಕದ ಹೊರತು ನಿಮ್ಮ ಡಿಸ್ಕು ಇದ್ದಂತೆಯೇ ಇರುತ್ತದೆ. ವೇಗ ತುಸು ಮಂದ. ಅಲ್ಲಿ ಬರೆದಿಟ್ಟದ್ದು ಯಂತ್ರ ಆರಿಸಿದೊಡನೆ ಮಾಯವಾಗುತ್ತದೆ.

ಈ ಸ್ಥಿತಿಯಲ್ಲಿ ಎರಡು ಮೂರು ದಿನ ನೋಡಿರಿ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಮುಖ್ಯವಾಗಿ ನಿಮ್ಮಲ್ಲಿರುವ ಪ್ರಿಂಟರ್ ಒಂದು ಹಾಳೆಯನ್ನಾದರೂ ಮುದ್ರಿಸುತ್ತದೆಯೇ? ಲಿನಕ್ಸಿನಲ್ಲಿ ತೊಡಕು ಕೊಡುವ ಪ್ರಿಂಟರುಗಳು ಈಗಲೂ ಇವೆ. ಕೀಲಿಮಣೆಯ ವ್ಯವಸ್ಥೆಯಲ್ಲಿ ಕನ್ನಡವನ್ನು ಸೇರಿಸಿ ಒಂದು ಪತ್ರ ಬರೆಯಿರಿ. ಕನ್ನಡ ಗಣಕ ಪರಿಷತ್ತಿನ ‘ಕಗಪ’ ವಿನ್ಯಾಸವೂ ಅಲ್ಲಿ ಉಂಟು.

ಇಲ್ಲಿ ಒಂದು ಎಚ್ಚರಿಕೆ. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಸಂಘದ ನಡವಳಿಗಳು, ಸದಸ್ಯರ ಪಟ್ಟಿಗಳು ಇದ್ದರೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು.

ಎಲ್ಲವೂ ಸರಿಯೆನಿಸಿದರೆ ತೆರೆಯ ಮೇಲಿನ ಸ್ಥಾಪನೆಯ ಚಿತ್ರವನ್ನು ಒತ್ತಬಹುದು. ಅದಕ್ಕೆ ಮುಂಚೆ ಫೋಟೋಗಳು, ಲೆಕ್ಕಪತ್ರಗಳು, ದಾಖಲೆಗಳು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ತೆರೆದು ಓದಿ ನೋಡತಕ್ಕದ್ದು. ಡಿಸ್ಕನ್ನು ಅಳಿಸಿ ಸ್ಥಾಪಿಸುವ ಆಯ್ಕೆಯನ್ನು ಒತ್ತಿದರೆ ಹಿಂದಿನದೆಲ್ಲ ಹೋಯಿತೆಂದೇ ತಿಳಿಯಿರಿ. ಸ್ಥಳವಿದ್ದರೆ ವಿಂಡೋಸಿನ ಪಕ್ಕದಲ್ಲಿಯೇ ಸ್ಥಾಪಿಸುವ ಅನುಕೂಲವೂ ಇದೆ. ಮೊದಲ ಸಲ ಮಾಡುವವರಿಗೆ ಅದೇ ಮೇಲೆಂದು ನಮ್ಮ ಅಭಿಪ್ರಾಯ.

ಡಿಜಿಟಲ್ ಸಹಿಯ ಟೋಕನ್ ಅಥವಾ ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶ ಬಳಸುವ ಕಚೇರಿಯ ಯಂತ್ರದಲ್ಲಿ ಈ ಬದಲಾವಣೆ ಕೂಡದು. ಮಕ್ಕಳು ಓದುವ, ಪತ್ರ ಬರೆಯುವ, ಪಹಣಿ ಹುಡುಕುವ ಯಂತ್ರದಿಂದ ಆರಂಭಿಸಿರಿ.