ಯಂತ್ರ ತರುವ ಮೊದಲು ಹಾಳೆ ಎಣಿಸಿ

ಶಿಕಾರಿಪುರ - ಸೊರಬದ ಹುಡುಗರಿಗೆ ಊರಲ್ಲೇ ಒಂದು ಕಸುಬು. ಬಂಡವಾಳಕ್ಕಿಂತ ಲೆಕ್ಕಾಚಾರ ಮುಖ್ಯ.

"ಓದಿದ ಹುಡುಗ ಊರಲ್ಲಿದ್ದು ಏನ್ ಮಾಡ್ತಾನೆ?"

ಶಿರಾಳಕೊಪ್ಪದ ಸಂತೆಯಿಂದ ಆನವಟ್ಟಿಯ ಬಸ್‌ಸ್ಟ್ಯಾಂಡಿನವರೆಗೆ ಎಲ್ಲೆಡೆ ಕೇಳುವ ಪ್ರಶ್ನೆ ಇದು. ಎರಡೆಕರೆ ಜಮೀನು ಅಪ್ಪ ಅಮ್ಮನಿಗೇ ವರ್ಷವಿಡೀ ಕೆಲಸ ಕೊಡೋದಿಲ್ಲ. ಮಗನಿಗೆ ಎಲ್ಲಿಂದ? ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಉಳಿದವರು ಯಾವುದಾದರೂ ಯಂತ್ರದ ಜಾಹೀರಾತು ನೋಡಿ, "ಸಬ್ಸಿಡಿ ಎಷ್ಟು?" ಅಂತ ವಿಚಾರಿಸುತ್ತಾರೆ.

ಪ್ರಶ್ನೆ ಇಲ್ಲೇ ತಪ್ಪುವುದು. ಮೊದಲು ಕೇಳಬೇಕಾದ್ದು ಸಬ್ಸಿಡಿ ಎಷ್ಟು ಅಂತಲ್ಲ. ಕಚ್ಚಾ ಮಾಲು ಎಷ್ಟು, ಕೊಳ್ಳುವವರು ಯಾರು?

ನಮ್ಮೆರಡು ತಾಲೂಕಿನಲ್ಲಿ ಕೆರೆ ಕೆಳಗಿನ ಎಷ್ಟೋ ಭತ್ತದ ಗದ್ದೆ ಅಡಿಕೆ ತೋಟವಾಗಿದೆ. ಅಡಿಕೆ ಮಂಡಿಗೆ ಹೋಗುತ್ತದೆ. ಸೋಗೆ ಬುಡಕ್ಕೆ ಬೀಳುತ್ತದೆ. ಹಾಳೆ? ಕೆಲವರು ಕತ್ತರಿಸಿ ದನಕ್ಕೆ ಹಾಕುತ್ತಾರೆ. ಉಳಿದದ್ದು ತೋಟದಲ್ಲೇ ಬಿದ್ದು ಮಳೆಗೆ ಕರಗುತ್ತದೆ. ಈ ಹಾಳೆಯಿಂದ ತಟ್ಟೆ ಒತ್ತುವುದು ಹೊಸ ಸಂಗತಿಯಲ್ಲ. ಆದರೆ ಯಂತ್ರ ತಂದವರೆಲ್ಲ ಗೆದ್ದಿಲ್ಲ. ಕೆಲವು ಕಡೆ ಯಂತ್ರ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದೆ. ಕಾರಣ ಹುಡುಕಿದರೆ ಹೆಚ್ಚಾಗಿ ಯಂತ್ರದ ದೋಷ ಇರೋದಿಲ್ಲ. ಮಳೆಗಾಲಕ್ಕೆ ಹಾಳೆ ಇರಲಿಲ್ಲ, ಇಲ್ಲವೇ ಮಾರಿದ ತಟ್ಟೆಗೆ ದುಡ್ಡು ಬರಲಿಲ್ಲ.

ಎಷ್ಟು ತೋಟ ಬೇಕು?

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಒಂದು ಮರ ವರ್ಷಕ್ಕೆ ಆರೇಳು ಹಾಳೆಯಾದರೂ ಉದುರಿಸುತ್ತದೆ. ಹರಿದದ್ದು, ಕೊಳೆತದ್ದು, ಕಿರಿದಾದದ್ದು ಕಳೆದು ಮರಕ್ಕೆ 5 ಒಳ್ಳೆಯ ಹಾಳೆ ಹಿಡಿಯಿರಿ. ಎಕರೆಗೆ 2,750 ಹಾಳೆ ಆಯಿತು.

ಈಗ ಯಂತ್ರದ ಕಡೆ ಬನ್ನಿ. ದಿನಕ್ಕೆ 400 ದೊಡ್ಡ ತಟ್ಟೆ ಒತ್ತುತ್ತೀರಿ, ವರ್ಷಕ್ಕೆ 250 ದಿನ ಕೆಲಸ ಅಂದುಕೊಳ್ಳಿ. ಒಂದು ಲಕ್ಷ ತಟ್ಟೆ. ಹಾಳೆಗೆ ಒಂದೇ ದೊಡ್ಡ ತಟ್ಟೆ ಸಿಕ್ಕಿದರೆ ಒಂದು ಲಕ್ಷ ಹಾಳೆ, ಅಂದರೆ 36 ಎಕರೆ ತೋಟ! ಅಗಲದ ಹಾಳೆ ಸಿಕ್ಕಿ ಎರಡೆರಡು ತಟ್ಟೆ ಬಂದರೂ 18 ಎಕರೆ ಬೇಕೇ ಬೇಕು.

ಒಂದೆರಡು ಎಕರೆ ಇರುವವನ ಸ್ವಂತ ತೋಟ ಯಂತ್ರಕ್ಕೆ ಒಂದೆರಡು ವಾರದ ಮೇವು, ಅಷ್ಟೇ. ಆದ್ದರಿಂದ ಮೊದಲ ಕೆಲಸ ಬ್ಯಾಂಕಿನಲ್ಲಲ್ಲ, ನೆರೆಹೊರೆಯಲ್ಲಿ. ಹತ್ತಿಪ್ಪತ್ತು ಮನೆಯವರ ಹತ್ತಿರ ಮಾತಾಡಿ. ಹಾಳೆ ಹೆಕ್ಕುವವರು ಯಾರು, ಒಂದಕ್ಕೆ ಎಷ್ಟು, ದುಡ್ಡು ಯಾವಾಗ? ಇದನ್ನು ಬರೆದಿಟ್ಟುಕೊಳ್ಳಿ. ಸೋಗೆ ತೋಟದಲ್ಲೇ ಉಳಿಯುತ್ತದೆ, ಹಾಳೆ ಮಾತ್ರ ಒಯ್ಯುತ್ತೇವೆ ಅಂತ ಬಿಡಿಸಿ ಹೇಳಿ. ದನ ಇರುವ ಮನೆಯವರು ಹಾಳೆ ಕೊಡಲಿಕ್ಕಿಲ್ಲ. ಒತ್ತಾಯ ಬೇಡ.

ಕಚ್ಚಾ ಮಾಲು ತಪ್ಪಿದರೆ ಎಂಥ ಕುಶಲ ಕಸುಬೂ ಸೊರಗುತ್ತದೆ. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ಹೆಸರುವಾಸಿ. ಕೈಚಳಕಕ್ಕೆ ಕೊರತೆ ಇರಲಿಲ್ಲ. ಗಂಧದ ಮರವೇ ದುರ್ಲಭವಾದಾಗ ಕಸುಬು ಇಕ್ಕಟ್ಟಿಗೆ ಬಿತ್ತು. ನಮ್ಮ ಹಾಳೆಗೆ ಆ ಬರಗಾಲ ಇಲ್ಲ. ಆದರೆ ಹಾಳೆಗೂ ಋತು ಇದೆ.

ಬೇಸಗೆಯ ಸಂಗ್ರಹವೇ ಜೀವಾಳ

ಒಳ್ಳೆಯ ಹಾಳೆ ಸಿಗುವುದು ಜನವರಿಯಿಂದ ಮೇ ತನಕ. ಬಿದ್ದ ಒಂದೆರಡು ದಿನದಲ್ಲಿ ಹೆಕ್ಕಬೇಕು. ಮಣ್ಣಿಗೆ ತಾಗಿ, ಇಬ್ಬನಿ ಕುಡಿದು ಬಿದ್ದಿದ್ದರೆ ಕಪ್ಪು ಚುಕ್ಕೆ ಬರುತ್ತದೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕಟ್ಟು ಕಟ್ಟಿ, ನೆಲಕ್ಕೆ ತಾಗದಂತೆ ಅಟ್ಟಳಿಗೆಯ ಮೇಲೆ ಇಡಬೇಕು. ಸೋರುವ ಮಾಡಿನ ಕೆಳಗೆ ಇಟ್ಟರೆ ಜುಲೈ ಹೊತ್ತಿಗೆ ಬೂಷ್ಟು ಗ್ಯಾರಂಟಿ.

ಮಳೆಗಾಲದ ಹಾಳೆ ತಟ್ಟೆಗೆ ಬೇಡ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲ ಅದು. ಮೈಲುತುತ್ತ ತಾಗಿದ ಹಾಳೆಯಲ್ಲಿ ಊಟ ಬಡಿಸುವುದು ಸರಿಯಲ್ಲ.

ಒತ್ತುವ ಕೆಲಸ ಕಷ್ಟದ್ದಲ್ಲ. ಹಾಳೆಯನ್ನು ಸ್ವಚ್ಛ ನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು, ನೀರು ಬಸಿದು, ಕಾದ ಅಚ್ಚಿನ ನಡುವೆ ಒತ್ತುವುದು. ಅಂಟು, ರಾಸಾಯನಿಕ ಯಾವುದೂ ಇಲ್ಲ. ಬಿಸಿ ಹೆಚ್ಚಾದರೆ ಕರಟುತ್ತದೆ, ಕಡಿಮೆಯಾದರೆ ತಟ್ಟೆ ಆಮೇಲೆ ಸೊಟ್ಟಗಾಗುತ್ತದೆ. ಹಾಳೆಯ ದಪ್ಪ ನೋಡಿ ಹದ ಹಿಡಿಯುವುದು ಕೈಗೆ ಬರಬೇಕು. ಅಂಚಿನ ಚೂರು ದನಕ್ಕೆ ಅಥವಾ ಗೊಬ್ಬರದ ಗುಂಡಿಗೆ.

ಕರೆಂಟಿನ ಬಗ್ಗೆ ಮೊದಲೇ ತಿಳಿದುಕೊಳ್ಳಿ. ಪಂಪ್‌ಸೆಟ್ಟಿಗೆ ಕೊಟ್ಟ ಉಚಿತ ವಿದ್ಯುತ್ತಿನಲ್ಲಿ ತಟ್ಟೆ ಒತ್ತುವಂತಿಲ್ಲ. ಮೆಸ್ಕಾಂನಿಂದ ಬೇರೆ ಸಂಪರ್ಕ ಪಡೆಯಬೇಕು. ನಿಮ್ಮ ಮನೆಗೆ ಸಿಂಗಲ್ ಫೇಸ್ ಮಾತ್ರ ಇದ್ದರೆ ಅದರಲ್ಲೇ ಓಡುವ ಯಂತ್ರವನ್ನೇ ಕೇಳಿ.

ಸಾಲ, ಸಬ್ಸಿಡಿ

ಕಸುಬು ಕಲಿಯದೆ ಸಾಲ ಮಾಡಬೇಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಹಳ್ಳಿ ಯುವಕರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುವ ದಾರಿ ತೋರಿಸಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಜೊತೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿದ್ದವು. ಮುಂದೆ ಅದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ಇಲ್ಲಿ ಲೆಕ್ಕ ಬರೆಯುವುದನ್ನೂ, ಗಿರಾಕಿಯ ಜೊತೆ ಮಾತಾಡುವುದನ್ನೂ ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ. ನಮ್ಮಂಥವರಿಗೆ ಯಂತ್ರಕ್ಕಿಂತ ಇದೇ ಹೆಚ್ಚು ಬೇಕಾದ್ದು.

ಸಬ್ಸಿಡಿಯ ಬಗ್ಗೆ ಒಂದು ತಿಳಿವಳಿಕೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಆರಂಭವಾದದ್ದು. ಅದರ ನಿಯಮದಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ 35% ಸಹಾಯಧನ. ಕೈಯಿಂದ ಹಾಕಬೇಕಾದ್ದು ಕ್ರಮವಾಗಿ 10% ಮತ್ತು 5%. ಆದರೆ ಸಹಾಯಧನ ನಿಮ್ಮ ಕೈಗೆ ಬರೋದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆ. "ಸಬ್ಸಿಡಿ ಬಂದ ಮೇಲೆ ಹಾಳೆ ತರೋಣ" ಅಂದರೆ ಕೆಟ್ಟಿರಿ. ಅರ್ಜಿಗೆ ಮುಂಚೆ ಈಗಿನ ನಿಯಮವನ್ನು ಬ್ಯಾಂಕಿನಲ್ಲಿ ಕೇಳಿ.

ಯಂತ್ರದ ಸಾಲ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ದುಡಿಯುವ ಬಂಡವಾಳ. ಮಳೆಗಾಲಕ್ಕೆ 50,000 ಹಾಳೆ ಕೂಡಿಡಬೇಕು, ಒಂದಕ್ಕೆ 1 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಮೇ ತಿಂಗಳ ಕೊನೆಗೆ 50,000 ರೂಪಾಯಿ ಅಟ್ಟದ ಮೇಲೆ ಕೂತಿರುತ್ತದೆ! ಅದು ತಟ್ಟೆಯಾಗಿ, ಮಾರಾಟವಾಗಿ, ದುಡ್ಡಾಗಿ ಬರುವ ತನಕ ಕಂತು ಕಟ್ಟುವವರು ಯಾರು? ಈ ಉತ್ತರ ಇಟ್ಟುಕೊಂಡೇ ಸಹಿ ಹಾಕಿ.

ಬೆಲೆ ಕಟ್ಟುವಾಗ ಹಾಳಾದದ್ದನ್ನೂ ಸೇರಿಸಿ. ತಟ್ಟೆಗೆ 2 ರೂಪಾಯಿ ಖರ್ಚು ಬಿದ್ದು, ನೂರರಲ್ಲಿ 10 ತಟ್ಟೆ ಒಡೆದರೆ ಉಳಿದ ತೊಂಬತ್ತರ ಮೇಲೆ 200 ರೂಪಾಯಿ. ಒಂದಕ್ಕೆ 2 ರೂಪಾಯಿ 22 ಪೈಸೆ ಆಯಿತು. ನಿಮ್ಮ ಸ್ವಂತ ಕೂಲಿಯನ್ನೂ ಬರೆಯಿರಿ. ಮನೆಯವರ ದುಡಿಮೆಗೆ ಸೊನ್ನೆ ಹಾಕಿ ತೋರಿಸುವ ಲಾಭ ಲಾಭವಲ್ಲ.

ದೂರದ ಡಾಲರ್, ಹತ್ತಿರದ ಜಾತ್ರೆ

ತಟ್ಟೆಗೆ ಅನುಕೂಲದ ಗಾಳಿ ಬೀಸಿದ್ದು ನಿಜ. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂತು. ಆದರೂ ಒಳಗೆ ಪ್ಲಾಸ್ಟಿಕ್ ಪದರ ಹಚ್ಚಿದ ಅಗ್ಗದ ಕಾಗದದ ತಟ್ಟೆ ಇವತ್ತಿಗೂ ನಮ್ಮ ಎದುರಾಳಿ.

ರಫ್ತಿನ ಆಸೆ ದೊಡ್ಡದು. ಅದರ ಇನ್ನೊಂದು ಮುಖ 2025ರ ಮೇಯಲ್ಲಿ ಕಂಡಿತು. ಅಡಿಕೆ ಹಾಳೆಯ ತಟ್ಟೆಯಲ್ಲಿ ಆಹಾರ ಬಡಿಸಲು ತಮ್ಮಲ್ಲಿ ಅನುಮತಿ ಇಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳಿತು. ಅರಿಕೋಲಿನ್‌ನಂಥ ಅಡಿಕೆಯ ಆಲ್ಕಲಾಯ್ಡ್‌ಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅವರ ಕಾರಣ. ಅಮೆರಿಕವನ್ನೇ ನಂಬಿ ತಟ್ಟೆ ಒತ್ತುತ್ತಿದ್ದವರಿಗೆ ಇದು ಪೆಟ್ಟು. ಈ ವಿಷಯ ಗಿರಾಕಿಯಿಂದ ಮುಚ್ಚಿಡುವುದು ಬೇಡ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಎರಡು ದಾರಿ ಇದೆ. ಒಂದು, ಊಟಕ್ಕಲ್ಲದ ವಸ್ತು. ಕಾಸರಗೋಡಿನಲ್ಲಿ 2018ರಲ್ಲಿ ಶುರುವಾದ 'ಪಾಪ್ಲಾ' ಎಂಬ ಸಣ್ಣ ಉದ್ಯಮ ಹಾಳೆಯಿಂದ ತಟ್ಟೆಯ ಜೊತೆ ಗಿಡ ನೆಡುವ ಚೀಲ, ಟೋಪಿ, ಬೀಸಣಿಗೆಯನ್ನೂ ಮಾಡಿತು. ನಡೆಸುವವರು ಕೊಲ್ಲಿಯ ನೌಕರಿ ಬಿಟ್ಟು ಬಂದ ಯುವ ದಂಪತಿ. ಹಾಳೆ ಅಂದರೆ ತಟ್ಟೆಯೇ ಆಗಬೇಕಿಲ್ಲ.

ಇನ್ನೊಂದು, ಹತ್ತಿರದ ಗಿರಾಕಿ. ಮದುವೆ, ಗೃಹಪ್ರವೇಶ, ತಿಥಿ ಊಟ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು, ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಅಡಿಗೆ ಭಟ್ಟರು, ಶಾಮಿಯಾನದವರು, ಕಿರಾಣಿ ಅಂಗಡಿಯವರು, ಇವರೇ ನಿಮ್ಮ ಏಜೆಂಟರು. ಯಂತ್ರ ತರುವ ಮೊದಲೇ ಬೇರೆಯವರಿಂದ 500 ತಟ್ಟೆ ಕೊಂಡು ತಂದು ಮಾರಿ ನೋಡಿ. ಎಷ್ಟು ಹೋಯಿತು, ಎಷ್ಟಕ್ಕೆ, ಸಾಲ ಹೇಳಿದವರೆಷ್ಟು? ನಾಲ್ಕು ವಾರದಲ್ಲಿ ಗೊತ್ತಾಗುತ್ತದೆ. ನಷ್ಟವಾದರೂ ನೂರರ ಲೆಕ್ಕದಲ್ಲಿ, ಲಕ್ಷದ ಲೆಕ್ಕದಲ್ಲಲ್ಲ.

ವರ್ಷದ ಕೆಲಸವನ್ನೂ ಹೊಂದಿಸಿಕೊಳ್ಳಬಹುದು. ಕೊಯ್ಲಿನ ಕಾಲದಲ್ಲಿ ಸ್ವಂತ ತೋಟ, ಅಡಿಕೆ ಸುಲಿತ. ಬೇಸಗೆಯಲ್ಲಿ ಹಾಳೆ ಸಂಗ್ರಹ, ಮದುವೆ ಆರ್ಡರು. ಹೊರಗೆ ಜಡಿಮಳೆ ಹೊಯ್ಯುವಾಗ ಮಾಡಿನ ಕೆಳಗೆ ತಟ್ಟೆ ಒತ್ತುವುದು. ಇದರಿಂದ ಬಂಗಲೆ ಕಟ್ಟಲಾಗದು. ಆದರೆ ಎರಡೆಕರೆಯ ಆದಾಯಕ್ಕೆ ಇನ್ನೊಂದು ಊರುಗೋಲು ಸಿಕ್ಕಿದರೆ, ಬಸ್ಸು ಹತ್ತುವುದೋ ಬಿಡುವುದೋ ಎಂಬುದು ಹುಡುಗನ ಆಯ್ಕೆಯಾಗುತ್ತದೆ, ಅನಿವಾರ್ಯವಲ್ಲ.

ಆಸಕ್ತರು ಈ ಬೇಸಗೆಯಲ್ಲಿ ಒಂದು ಕೆಲಸ ಮಾಡಿ. ಒಂದು ಪುಸ್ತಕ ಇಟ್ಟುಕೊಂಡು ನಿಮ್ಮ ಮತ್ತು ನೆರೆಯ ಐದು ತೋಟದಲ್ಲಿ ವಾರಕ್ಕೆಷ್ಟು ಒಳ್ಳೆಯ ಹಾಳೆ ಬೀಳುತ್ತದೆ, ಬರೆಯುತ್ತಾ ಹೋಗಿ. ಖರ್ಚು ಒಂದು ಪೆನ್ನು. ಮೇ ಕೊನೆಗೆ ಆ ಪುಸ್ತಕ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ. ಮ್ಯಾನೇಜರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.