ಮೊದಲು ತಾಯಿ ಕುದುರೆಯನ್ನು ನೋಡಿ

ಕುದುರೆ ಕೊಳ್ಳಲು ಹೊರಟವರು ನನಗೆ ಫೋನ್ ಮಾಡಿದರೆ ಮೊದಲು ಬರುವುದು ಸುಳಿಯ ಮಾತು. ‘ಡಾಕ್ಟ್ರೇ, ಕತ್ತಿನಲ್ಲಿ ದೇವಮಣಿ ಸುಳಿ ಇದೆ, ಕೆಟ್ಟ ಸುಳಿ ಒಂದೂ ಇಲ್ಲ, ಬಣ್ಣ ಅಪ್ಪಟ ಬಿಳಿ.’ ಆಮೇಲೆ ಎತ್ತರ, ಕಿವಿಯ ಬಾಗು, ಬೆಲೆ. ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಿಂದ ದಲ್ಲಾಳಿ ಕಳಿಸಿದ ವಿಡಿಯೊದಲ್ಲಿ ಮಾರವಾಡಿ ತಳಿಯ ಮರಿ ಕತ್ತೆತ್ತಿ ಕುಣಿಯುತ್ತಿರುತ್ತದೆ. ತಂದೆಯ ಹೆಸರೂ ಹೇಳುತ್ತಾರೆ, ಅದು ಇಂಥ ಸ್ಪರ್ಧೆಯಲ್ಲಿ ಗೆದ್ದಿದೆ ಎಂದೂ ಸೇರಿಸುತ್ತಾರೆ. ‘ತಾಯಿಯನ್ನು ನೋಡಿದ್ರಾ?’ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ತಾಯಿ ಎಲ್ಲೋ ಊರಲ್ಲಿದೆಯಂತೆ.

ತಾಯಿಯನ್ನು ನೋಡದೆ ಮರಿಗೆ ಮುಂಗಡ ಕೊಡಬೇಡಿ ಎನ್ನುವುದು ನನ್ನ ಖಚಿತ ಮಾತು. ಹೆಸರುವಾಸಿ ಗಂಡು ಒಂದು ಹಂಗಾಮಿನಲ್ಲಿ ನೂರಾರು ಹೆಣ್ಣುಗಳಿಗೆ ಮರಿ ಕೊಡಬಲ್ಲದು. ಅವುಗಳಲ್ಲಿ ಚೆನ್ನಾಗಿ ಬಂದ ನಾಲ್ಕೈದರ ಫೋಟೊ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಹೆಣ್ಣು ಹನ್ನೊಂದು ತಿಂಗಳು ಹೊತ್ತು ಈಯುವುದು ಒಂದೇ ಮರಿ. ಹಾಗಾಗಿ ಒಂದು ತಾಯಿಯ ನಾಲ್ಕು ಸೂಲಿನ ಮರಿಗಳು ಏನಾದವು ಎಂದು ವಿಚಾರಿಸಿದರೆ ಅದರ ಪೂರ್ತಿ ಚರಿತ್ರೆಯೇ ಸಿಕ್ಕಂತೆ.

ಜೀನುಗಳ ಲೆಕ್ಕದಲ್ಲಿ ತಂದೆ ತಾಯಿ ಹೆಚ್ಚುಕಡಿಮೆ ಸಮಪಾಲು. ಆದರೆ ಗರ್ಭದ ಪಾಲು ತಾಯಿಯದು ಮಾತ್ರ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಭಾರೀ ಗಾತ್ರದ ಶೈರ್ ಕುದುರೆಯನ್ನೂ ಪುಟ್ಟ ಶೆಟ್ಲೆಂಡ್ ಕುದುರೆಯನ್ನೂ ಎರಡೂ ಬಗೆಯಲ್ಲಿ ಕೂಡಿಸಿದರು. ಎರಡೂ ಕಡೆ ಮರಿ ಅರ್ಧ ಶೈರ್, ಅರ್ಧ ಶೆಟ್ಲೆಂಡ್. ಆದರೂ ಶೈರ್ ತಾಯಿ ಈದ ಮರಿ, ಶೆಟ್ಲೆಂಡ್ ತಾಯಿ ಈದ ಮರಿಗಿಂತ ಹುಟ್ಟುವಾಗ ಸುಮಾರು ಮೂರು ಪಟ್ಟು ದೊಡ್ಡದಾಗಿತ್ತು. ಬೆಳೆದ ಮೇಲೂ ಅವುಗಳ ನಡುವಿನ ಅಂತರ ಪೂರ್ತಿ ಮುಚ್ಚಿಹೋಗಲಿಲ್ಲ.

ಸ್ವಭಾವವೂ ಹಾಗೆಯೇ. ಮರಿ ಹುಟ್ಟಿದಂದಿನಿಂದ ತಾಯಿಯ ಪಕ್ಕ ಬಿಟ್ಟು ಕದಲುವುದಿಲ್ಲ. ಮನುಷ್ಯ ಹತ್ತಿರ ಬಂದರೆ ಓಡಬೇಕೋ ನಿಲ್ಲಬೇಕೋ ಎನ್ನುವುದನ್ನು ಅದು ತಾಯಿಯನ್ನು ನೋಡಿಯೇ ಕಲಿಯುತ್ತದೆ. ಫ್ರಾನ್ಸಿನ ರೆನ್ ನಗರದ ಸಂಶೋಧಕರು ಹೆರಿಗೆಯಾದ ಮೊದಲ ಐದು ದಿನ, ದಿನಕ್ಕೆ ಕಾಲು ಗಂಟೆ, ತಾಯಿಯ ಮೈಯನ್ನು ಮೆತ್ತಗೆ ಬ್ರಷ್‌ನಿಂದ ತಿಕ್ಕಿ, ಕೈಯಾರೆ ಮೇವು ತಿನ್ನಿಸಿದರು. ಮರಿಯನ್ನು ಮುಟ್ಟಲೇ ಇಲ್ಲ. ಆ ಮರಿಗಳು ಬೇರೆ ಮರಿಗಳಿಗಿಂತ ಬೇಗ ಮನುಷ್ಯರಿಗೆ ಹೊಂದಿಕೊಂಡವು, ವರ್ಷ ತುಂಬಿದ ಮೇಲೂ ಆ ನಂಬಿಕೆ ಉಳಿದಿತ್ತು. ಮಕ್ಕಳ ಸವಾರಿಗೆಂದು ಕುದುರೆ ಹುಡುಕುವವರು ಇದನ್ನು ಮರೆಯಬಾರದು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಲಾಯದಲ್ಲೂ ನಿಜ.

ತಾಯಿಯನ್ನು ನೋಡಲು ನಾನು ಮೇವಿನ ಹೊತ್ತಿಗೇ ಹೋಗುತ್ತೇನೆ. ಹಸಿದ ಕುದುರೆಯ ಎದುರು ಹೊಸಬರು ನಿಂತಾಗ ನಿಜವಾದ ಗುಣ ಹೊರಬೀಳುತ್ತದೆ. ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತದೋ, ಕುದುರೆ ನೋಡಿಕೊಳ್ಳುವ ಸೈಸ್ ಬಕೆಟ್ ಹಿಡಿದು ಪಕ್ಕದಲ್ಲಿ ಹೋದರೆ ಹಿಂಗಾಲು ಎತ್ತುತ್ತದೋ ನೋಡುತ್ತೇನೆ. ಆಮೇಲೆ ಗಟ್ಟಿ ನೆಲದ ಮೇಲೆ ನನ್ನತ್ತ ನೇರವಾಗಿ ನಡೆಸಿಕೊಂಡು ಬರಲು ಹೇಳುತ್ತೇನೆ. ಮುಂಗಾಲಿನ ಗೊರಸು ಒಳಮುಖವಾಗಿದ್ದರೆ ಹೆಜ್ಜೆ ಹೊರಕ್ಕೆ ಬೀಸುತ್ತದೆ. ಹೊರಮುಖವಾಗಿದ್ದರೆ ಒಳಕ್ಕೆ ಬೀಸಿ ಪಕ್ಕದ ಕಾಲಿಗೆ ತಾಗುತ್ತದೆ. ಬಗ್ಗಿ ಆ ಕಾಲಿನ ಒಳಬದಿಯ ಮೇಲೆ ಬೆರಳಾಡಿಸಿದರೆ ಕೂದಲು ಉದುರಿದ ಜಾಗ, ಗಂಟುಕಟ್ಟಿದ ಹಳೆಯ ಗಾಯ ಸಿಕ್ಕೇ ಸಿಗುತ್ತದೆ. ಆರು ತಿಂಗಳ ಮರಿಯ ಕಾಲಿನಲ್ಲಿ ಈ ಗಾಯದ ಗುರುತುಗಳು ಕಾಣುವುದಿಲ್ಲ, ಅದು ಇನ್ನೂ ಭಾರ ಹೊತ್ತಿಲ್ಲ. ತಾಯಿಯದು ವರ್ಷಗಟ್ಟಲೆ ದುಡಿದ ಕಾಲು. ಹೆಣ್ಣು ಮರಿಯನ್ನು ಮುಂದೆ ಸೂಲಿಗೆ ಇಟ್ಟುಕೊಳ್ಳುವುದಾದರೆ ತಾಯಿಯ ಬಾಲ ಎತ್ತಿ ಯೋನಿಯ ತುಟಿಗಳ ನಿಲುವನ್ನೂ ಪರೀಕ್ಷಿಸುತ್ತೇನೆ. ತುಟಿಗಳು ಮೇಲೆ ಮಲಗಿದಂತಿದ್ದರೆ ಗಾಳಿ, ಲದ್ದಿ ಒಳಸೇರಿ ಗರ್ಭಕೋಶಕ್ಕೆ ಸೋಂಕು ತಗಲುತ್ತದೆ, ಗಬ್ಬ ನಿಲ್ಲುವುದಿಲ್ಲ. ಈ ನಿಲುವು ಮಗಳಿಗೂ ಬರಬಹುದು.

ತಾಯಿಯ ಮೈಮೇಲಿನದೆಲ್ಲ ಮರಿಗೆ ಬರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮುಳ್ಳುತಂತಿ ಗೀರಿದ ಕಲೆ, ಪೆಟ್ಟು ಬಿದ್ದು ಹೋದ ಕಣ್ಣು ಇವು ಆ ಕುದುರೆಯ ದುರದೃಷ್ಟ ಅಷ್ಟೆ. ಅಂಥ ತಾಯಿಯ ಮರಿಯನ್ನು ಬೇಡವೆಂದರೆ ನಷ್ಟ ಕೊಳ್ಳುವವರದೇ.

ಕಣ್ಣಿಗೆ ಕಾಣದ ದೋಷಗಳಿಗೆ ಪ್ರಯೋಗಾಲಯವೇ ಗತಿ. 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಇಂಪ್ರೆಸಿವ್’ ಎಂಬ ಕ್ವಾರ್ಟರ್ ಹಾರ್ಸ್ ಮೈಕಟ್ಟಿಗೆ ಹೆಸರಾಗಿತ್ತು. ಅಂಥದೇ ಮಾಂಸಖಂಡ ಬೇಕೆಂದು ಜನ ಮುಗಿಬಿದ್ದರು. ಅದರ ಸಂತತಿಯಲ್ಲಿ ಹಲವಕ್ಕೆ ರಕ್ತದ ಪೊಟ್ಯಾಸಿಯಂ ಏಕಾಏಕಿ ಏರಿ, ಸ್ನಾಯು ನಡುಗಿ, ಕುಸಿದು ಬೀಳುವ ಕಾಯಿಲೆ ಕಾಣಿಸಿಕೊಂಡಿತು. ಇದಕ್ಕೆ ತಂದೆ ತಾಯಿಯಲ್ಲಿ ಒಂದರಿಂದ ದೋಷ ಬಂದರೂ ಸಾಕು. ಅರಬ್ಬೀ ಕುದುರೆಗಳ ಒಂದು ಕಾಯಿಲೆ ಬೇರೆ ಥರ. ತಂದೆ ತಾಯಿ ಎರಡೂ ಗಟ್ಟಿಮುಟ್ಟಾಗಿಯೇ ಇರುತ್ತವೆ, ಎರಡರಲ್ಲೂ ದೋಷ ಅಡಗಿದ್ದರೆ ನಾಲ್ಕು ಮರಿಗಳಲ್ಲಿ ಒಂದರಂತೆ ರೋಗ ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟಬಹುದು. ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮುಗಿದೊಡನೆ ಸೋಂಕು ಮುತ್ತುತ್ತದೆ, ಮರಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಸಾಯುತ್ತದೆ. ಎರಡಕ್ಕೂ ಡಿಎನ್‌ಎ ಪರೀಕ್ಷೆ ಇದೆ, ಬೇರು ಸಮೇತ ಕಿತ್ತ ಜೂಲಿನ ಕೂದಲು ಸಾಕಾಗುತ್ತದೆ.

ಕಾಗದಪತ್ರ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಟಿಪ್ಪುವಿನ ಕಾಲದಿಂದ ಹೆಸರಾದ ನಮ್ಮ ಕುಣಿಗಲ್‌ನಂಥ ಕಡೆ ಹುಟ್ಟುವ ರೇಸ್ ಕುದುರೆಗೆ ತಲೆಮಾರುಗಳ ವಂಶಾವಳಿ ಇರುತ್ತದೆ. ಥರೋಬ್ರೆಡ್ ಎಂಬ ಈ ರೇಸ್ ತಳಿಯ ವಂಶದ ಪುಸ್ತಕ ಇಂಗ್ಲೆಂಡಿನಲ್ಲಿ 1791ರಲ್ಲೇ ಶುರುವಾಯಿತು. ಅಷ್ಟು ಶಿಸ್ತಿನ ಪುಸ್ತಕದಲ್ಲೂ ಹಲವು ತಾಯಿಕುಲಗಳ ದಾಖಲೆ ತಪ್ಪಿರುವುದನ್ನು 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬಯಲು ಮಾಡಿತು. ಇನ್ನು ದಾಖಲೆ ಸರಿಯಿದ್ದರೂ ಅದು ಭರವಸೆಯಲ್ಲ. ವಂಶವನ್ನೂ ಓಟವನ್ನೂ ನೋಡಿ 2006ರಲ್ಲಿ 1.6 ಕೋಟಿ ಡಾಲರ್‌ಗೆ ಹರಾಜಾದ ‘ದಿ ಗ್ರೀನ್ ಮಂಕಿ’ ಓಡಿದ್ದು ಮೂರೇ ರೇಸ್, ಒಂದನ್ನೂ ಗೆಲ್ಲಲಿಲ್ಲ. ಕಾಗದ ಓದಿ, ಆಮೇಲೆ ಲಾಯಕ್ಕೂ ಹೋಗಿ.

ಮರಿ ಮಾಡಿಸುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಒಳ್ಳೆಯ ಗಂಡು ಎಂದು ಹೆಸರಾದರೆ ಸುತ್ತಲಿನ ಹೆಣ್ಣುಗಳೆಲ್ಲ ಅದರ ಬಳಿಗೇ ಹೋಗುತ್ತವೆ. ನಾಲ್ಕು ವರ್ಷ ಕಳೆದು ಅದರ ಮಗಳನ್ನೇ, ಯಾರಿಗೂ ಗೊತ್ತಿಲ್ಲದೆ, ಅದಕ್ಕೇ ತರುತ್ತಾರೆ. ಅಡಗಿದ ದೋಷಗಳು ಜೊತೆಯಾಗುವುದು ಹೀಗೆ. ಇದನ್ನು ತಡೆಯಲು ದುಡ್ಡು ಖರ್ಚಾಗಬೇಕಿಲ್ಲ. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ತಾಯಿಯ ಹೆಸರು, ತಾಯಿಯ ತಂದೆ, ಕೂಡಿಸಿದ ಗಂಡು, ಕೂಡಿಸಿದ ತಾರೀಖು, ಈದ ತಾರೀಖು, ಮರಿಯ ಗುರುತು, ಸತ್ತಿದ್ದರೆ ಏಕೆ ಎಂಬುದನ್ನು ಬರೆಯಿರಿ. ಮರಿ ಮಾರುವಾಗ ಆ ಪುಟದ ನಕಲನ್ನು ಕೊಳ್ಳುವವರಿಗೆ ಕೊಡಿ. ಕೊಳ್ಳುವವರೂ ಅದನ್ನು ಕೇಳಿ ಪಡೆಯಿರಿ.